ಪಿಸ್ತೂಲು ಕಲಿಯುವವರ, ಕಲಿಸುವವರ ಪ್ರಶ್ನೆಗಳು

ಪ್ರಶ್ನೆ: ಆತ್ಮರಕ್ಷಣೆಗಂತ ಲೈಸೆನ್ಸ್ ತಗೊಂಡ .32 ರಿವಾಲ್ವರ್ ನನ್ನ ಹತ್ರ ಐತ್ರೀ. ಗಿರಣಿ ರೊಕ್ಕ ಬ್ಯಾಂಕಿಗೆ ಒಯ್ಯೋದು ತಮ್ಮ. ಅವಗ ಹೊಲದಾಗ ನಾಕು ಗುಂಡು ಹೊಡಿಯೋದು ಕಲಿಸಿದ್ರ ತಪ್ಪೇನ್ರೀ?
– ಅಕ್ಕಿ ಗಿರಣಿ ಮಾಲೀಕರು, ಸಿಂಧನೂರು

ಉತ್ತರ: ತಪ್ಪು. ಲೈಸೆನ್ಸ್ ನಿಮ್ಮ ಹೆಸರಿಗಿದೆ, ಮನೆತನಕ್ಕಲ್ಲ. ರಿಪೇರಿಗೋ ನವೀಕರಣಕ್ಕೋ ನಿಮ್ಮ ಲಿಖಿತ ಒಪ್ಪಿಗೆಯ ಮೇಲೆ ತಮ್ಮ ಒಯ್ಯಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅವಕಾಶವಿದೆ. ಹೊಲದಲ್ಲಿ ಹೊಡೆಯಲು ಇಲ್ಲ. ಮೇಲಾಗಿ ನಿಮ್ಮ ಕಡೆಯ ಭತ್ತದ ಗದ್ದೆ ಸಪಾಟು. ಗುಂಡು ತಡೆಯುವ ಮಣ್ಣಿನ ದಿಬ್ಬ ಇರುವುದಿಲ್ಲ, ನಿಂತ ನೀರಿಗೆ ಓರೆಯಾಗಿ ತಾಗಿದ ಗುಂಡು ಪುಟಿದು ಮುಂದೆ ಹೋಗುತ್ತದೆ. ತಮ್ಮನಿಗೆ 21 ತುಂಬಿದ್ದರೆ ಅವರೇ ಬೇರೆ ಅರ್ಜಿ ಹಾಕಲಿ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಕರೆಯುವುದುಂಟು, ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯತನಕ ಹೊಡೆತದ ಶಕ್ತಿ 20 ಜೂಲ್ ಮೀರದ .177 ಏರ್ ಪಿಸ್ತೂಲು ಸಾಕು. ಅದಕ್ಕೆ ಲೈಸೆನ್ಸ್ ಬೇಡ, ಬೆರಳಿನ ಪಾಠ ಮಾತ್ರ ಅದೇ.

ಪ್ರಶ್ನೆ: ಹೊಸಬರಿಗೆ ರಿವಾಲ್ವರ್ ಕಲಿಸುತ್ತೇನೆ. ಬಲಗೈಯವರ ಗುಂಡೆಲ್ಲ ಕೆಳಗೆ, ಎಡಕ್ಕೆ ಬೀಳುತ್ತವೆ. ಸೈಟ್ (ಗುರಿ ನೋಡಲು ನಳಿಕೆಯ ಮೇಲಿರುವ ಗುರುತು) ಸರಿಯಿಲ್ಲ ಎನ್ನುತ್ತಾರೆ. ನಾನು ಹೊಡೆದರೆ ನಡುವಿಗೇ ಬೀಳುತ್ತದೆ.
– ನಿವೃತ್ತ ಸೈನಿಕರು, ಸಂಡೂರು

ಉತ್ತರ: ನಿಮ್ಮ ಗುಂಡು ನಡುವಿಗೆ ಬಿದ್ದ ಮೇಲೆ ಸೈಟ್‌ನ ವಿಚಾರ ಮುಗಿಯಿತು. ಸದ್ದು ಬರುತ್ತದೆ, ಕೈ ಒದೆಯುತ್ತದೆ ಎಂದು ಮೈಗೆ ಮೊದಲೇ ಗೊತ್ತು. ಅದಕ್ಕೇ ಗುಂಡು ಹಾರುವ ಕ್ಷಣಕ್ಕೆ ಮಣಿಕಟ್ಟು ಕೆಳಗೆ ಒತ್ತುತ್ತದೆ, ಟ್ರಿಗರ್ ಬೆರಳಿನ ಜೊತೆ ಉಳಿದ ಬೆರಳುಗಳೂ ಬಿಗಿಯುತ್ತವೆ. ಮೂತಿ ಕೆಳಗೆ, ಎಡಕ್ಕೆ ಜಾರುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಕಲಿಯುವವರು ನಂಬುವುದಿಲ್ಲ, ಕಣ್ಣಿಗೆ ಕಾಣಬೇಕು.

ಆರು ಮನೆಯ ಸಿಲಿಂಡರಿನಲ್ಲಿ ಎರಡು ಜೀವಂತ ಗುಂಡು, ನಾಲ್ಕು ಡಮ್ಮಿ (ಮದ್ದಿಲ್ಲದ ಹುಸಿ ಗುಂಡು) ಹಾಕಿ. ಅವರಿಗೆ ಕಾಣದಂತೆ ತಿರುಗಿಸಿ ಮುಚ್ಚಿ, ಕೈಗೆ ಕೊಡಿ. ಡಮ್ಮಿಯ ಮೇಲೆ ಹ್ಯಾಮರ್ (ಹಿಂದಿನ ಸುತ್ತಿಗೆ) ಬಿದ್ದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ಮೂತಿ ತಟ್ಟನೆ ಬಾಗುತ್ತದೆ. ಅದನ್ನು ಅವರೇ ನೋಡುತ್ತಾರೆ. ಸೈಟ್ ದೂರುವುದು ಅಲ್ಲಿಗೆ ನಿಲ್ಲುತ್ತದೆ. ಡಮ್ಮಿಯಲ್ಲಿ ಮೂತಿ ಅಲುಗದವರೆಗೆ ಆರೂ ಗುಂಡು ತುಂಬಿ ಕೊಡಬೇಡಿ.

ಗುಂಡು ಮುಟ್ಟುವ ಮುಂಚೆ ಒಣ ಅಭ್ಯಾಸ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವುದನ್ನು, ಮಾಡಿಸಿ: ಸಿಲಿಂಡರ್ ಹೊರಗೆಳೆದು ಆರೂ ಮನೆ ಬೆರಳು ಹಾಕಿ ನೋಡಿ, ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿಡಿ. ಮುಂದಿನ ಸೈಟ್‌ನ ತಲೆ ಹಿಂದಿನದರ ತಲೆಗೆ ಸಮ ಇರಬೇಕು, ಎರಡೂ ಬದಿ ಬೆಳಕಿನ ಸಂದು ಒಂದೇ ಅಗಲ ಇರಬೇಕು. ಕಣ್ಣು ಮುಂದಿನ ಸೈಟ್‌ನ ಮೇಲೆ; ಗುರಿ ಮಸುಕಾದರೆ ಮಸುಕಾಗಲಿ. ಟ್ರಿಗರ್ ನೇರ ಹಿಂದಕ್ಕೆ, ನಿಧಾನವಾಗಿ, ನಡುವೆ ನಿಲ್ಲದೆ. ದಿನಕ್ಕೆ ಹತ್ತು ನಿಮಿಷ ಸಾಕು, ಬೆರಳು ದಣಿದ ಮೇಲೆ ಮಾಡಿದ್ದು ಕೆಟ್ಟ ಚಾಳಿಯಾಗುತ್ತದೆ. .22 ರಿಮ್‌ಫೈರ್ (ಪಿನ್ ಗುಂಡಿನ ಅಂಚಿಗೆ ಬಡಿಯುವ ಬಗೆ) ಆಗಿದ್ದರೆ ಡಮ್ಮಿ ಇಲ್ಲದೆ ಇದನ್ನು ಮಾಡಬೇಡಿ, ಫೈರಿಂಗ್ ಪಿನ್ ಗುಂಡಿನ ಮನೆಯ ಅಂಚಿಗೆ ಬಡಿದು ಎರಡೂ ಕೆಡುತ್ತವೆ.

ಮೊದಲು ಮೂರು ಮೀಟರ್, ಆರು ಇಂಚಿನ ವೃತ್ತ. ಎಲ್ಲ ಒಳಗೆ ಬಿದ್ದರೆ ಐದು ಮೀಟರ್, ಆಮೇಲೆ ಏಳು. ಮೊದಲ ದಿನವೇ ಹದಿನೈದು ಮೀಟರ್‌ನಲ್ಲಿ ನಿಲ್ಲಿಸುವವರಿದ್ದಾರೆ. ಅದರಿಂದ ಕಲಿಯುವವರ ಧೈರ್ಯ ಕುಗ್ಗುತ್ತದೆ, ಕಾಗದದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು, ಎಡಗೈ ಹೆಬ್ಬೆರಳು ಸಿಲಿಂಡರಿನ ಮುಂದಿನ ಸಂದಿಯ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಅಲ್ಲಿಂದ ನುಗ್ಗುವ ಬಿಸಿ ಗಾಳಿ ಚರ್ಮ ಸುಟ್ಟು ಸೀಳುತ್ತದೆ.

ಪ್ರಶ್ನೆ: ಪಿಸ್ತೂಲಿನ ಸ್ಲೈಡ್ (ಮೇಲೆ ಹಿಂದೆಮುಂದೆ ಜಾರುವ ಭಾಗ) ಎಳೆಯಲು ನನಗೆ ಶಕ್ತಿ ಸಾಲದು. ಹೆಂಗಸರಿಗೆ ರಿವಾಲ್ವರೇ ಸರಿ ಎನ್ನುತ್ತಾರೆ. ನಿಜವೇ?
– ಶಿಕ್ಷಕಿ, ಕೊಪ್ಪಳ

ಉತ್ತರ: ಶಕ್ತಿಗಿಂತ ಹಿಡಿತದ್ದೇ ತೊಂದರೆ ಮೇಡಂ. ಎರಡು ಬೆರಳಲ್ಲಿ ಚಿವುಟಿ ಎಳೆದರೆ ಗಂಡಸರಿಗೂ ಬರುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ, ಎಡ ಅಂಗೈಯನ್ನು ಸ್ಲೈಡ್‌ನ ಹಿಂಬದಿಯ ಮೇಲೆ ಪೂರ್ತಿ ಹಾಕಿ ನಾಲ್ಕೂ ಬೆರಳಿಂದ ಬಿಗಿಹಿಡಿಯಿರಿ. ಎಡಗೈ ಹಿಂದೆಳೆಯುವಾಗಲೇ ಬಲಗೈ ಮುಂದೆ ತಳ್ಳಲಿ. ಪೂರ್ತಿ ಹಿಂದೆ ಬಂದ ಮೇಲೆ ಬಿಟ್ಟುಬಿಡಿ. ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಿಟ್ಟರೆ ಗುಂಡು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಎಳೆಯುವ ಭರದಲ್ಲಿ ಮೂತಿ ಪಕ್ಕದವರ ಕಡೆ ತಿರುಗುವುದು ಇಲ್ಲೇ, ಬೆರಳು ಟ್ರಿಗರ್‌ಗೆ ಹೋಗುವುದೂ ಇಲ್ಲೇ. ಪಾದ ತಿರುಗಿಸಿ ನಿಲ್ಲಿ, ಮೂತಿ ಗುರಿಯ ಕಡೆಗೇ ಇರಲಿ. ರಿವಾಲ್ವರ್‌ನಲ್ಲಿ ಸ್ಲೈಡ್ ಇಲ್ಲ ನಿಜ, ಆದರೆ ಹ್ಯಾಮರ್ ಎತ್ತದೆ ಹೊಡೆಯುವಾಗ ಅದರ ಟ್ರಿಗರ್ ಬಹಳ ಬಿಗಿ. ಎರಡೂ ಹಿಡಿದು ನೋಡಿ ತೀರ್ಮಾನಿಸಿ.

ಪ್ರಶ್ನೆ: ಹತ್ತಿ ಗೋದಾಮಿನಿಂದ ಕದ್ದು ಓಡುವವನ ಕಾಲಿಗೆ ಹೊಡೆಯಬಹುದೆ?
– ವ್ಯಾಪಾರಿ, ರಾಯಚೂರು

ಉತ್ತರ: ಬೇಡ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಮು ಹೇಳುತ್ತದೆ. ಓಡುವವನಿಂದ ಜೀವಕ್ಕೆ ಅಪಾಯವಿಲ್ಲ. ಕಾಲಿಗೆ ಎಂಬ ಲೆಕ್ಕವೂ ಸುಳ್ಳು, ತೊಡೆಯ ರಕ್ತನಾಳಕ್ಕೆ ಬಿದ್ದರೆ ನಿಮಿಷಗಳಲ್ಲಿ ಸಾವು. 112ಕ್ಕೆ ಕರೆ ಮಾಡಿ.

ಪ್ರಶ್ನೆ: ಬೇಸಿಗೆಯಾಗ ಕೈ ಬೆವತು ಹಿಡಿತ ಜಾರ್ತೈತಿ. ಏನ್ ಮಾಡ್ಬೇಕು?
– ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಐದು ಗುಂಡಿಗೊಮ್ಮೆ ಒಣ ಟವಲ್‌ನಿಂದ ಕೈಯನ್ನೂ ಹಿಡಿಕೆಯನ್ನೂ ಒರೆಸಿ. ಪಿಸ್ತೂಲಿಗೆ ಎಣ್ಣೆ ತೆಳ್ಳಗೆ ಹಚ್ಚಿ, ಹೆಚ್ಚಾದರೆ ಅದಿರಿನ ಧೂಳು ಹಿಡಿದು ಸ್ಲೈಡ್ ತಿಕ್ಕುತ್ತದೆ. ಗುಂಡು ಸೀಸದ್ದು, ಹಾಗಾಗಿ ಮಿರ್ಚಿ-ಮಂಡಕ್ಕಿಗೆ ಕೈ ಹಾಕುವ ಮುಂಚೆ ಸೋಪಿನಿಂದ ತೊಳೆಯಿರಿ.