ಹಾಯಿದೋಣಿಯಲ್ಲಿ ಬೆಕ್ವೇ ಬಂದರಿಗೆ

ಪ್ರಶ್ನೆ: ಲಂಡನ್ನಿನಲ್ಲಿರುವ ನನ್ನ ಅಕ್ಕನ ಮಗ ಬರುವ ಫೆಬ್ರುವರಿಯಲ್ಲಿ ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು, ದಕ್ಷಿಣದ ಬೆಕ್ವೇ ಎಂಬ ದ್ವೀಪಕ್ಕೆ ಹೋಗುವವನಿದ್ದಾನೆ. ನನ್ನನ್ನೂ ನನ್ನ ಪತ್ನಿಯನ್ನೂ ಜೊತೆಗೆ ಬರುವಂತೆ ಒತ್ತಾಯಿಸುತ್ತಿದ್ದಾನೆ. ಅವನಿಗೆ ದೋಣಿ ನಡೆಸಿ ಅಭ್ಯಾಸವಿದೆ. ನಮಗೆ ಕನ್ನಂಬಾಡಿಯ ಹಿನ್ನೀರಿಗಿಂತ ದೊಡ್ಡ ನೀರಿನ ಪರಿಚಯವಿಲ್ಲ. ಅಂತಹ ಸಣ್ಣ ಬಂದರನ್ನು ಸೇರುವುದು ಹೇಗೆ, ನಾವು ಏನನ್ನು ತಿಳಿದಿರಬೇಕು?
– ನಿವೃತ್ತ ಅಧ್ಯಾಪಕರು, ಮಂಡ್ಯ

ಉತ್ತರ: ಆರೋಗ್ಯ ಚೆನ್ನಾಗಿದ್ದರೆ ಖಂಡಿತ ಹೋಗಿ ಬನ್ನಿ. ಬೆಕ್ವೇ ಕೇವಲ 18 ಚದರ ಕಿಲೋಮೀಟರಿನಷ್ಟು ವಿಸ್ತಾರದ ದ್ವೀಪ. ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶಕ್ಕೆ ಸೇರಿದ್ದು. ಅದರ ಬಂದರು ಪೋರ್ಟ್ ಎಲಿಜಬೆತ್, ಪಶ್ಚಿಮಕ್ಕೆ ತೆರೆದ ಅಡ್ಮಿರಾಲ್ಟಿ ಕೊಲ್ಲಿಯ ಒಳಮೂಲೆಯಲ್ಲಿದೆ. ಅಲ್ಲಿ ವಾಣಿಜ್ಯ ಮಾರುತಗಳು ವರ್ಷದ ಬಹುಕಾಲ ಪೂರ್ವ ದಿಕ್ಕಿನಿಂದಲೇ ಬೀಸುವುದರಿಂದ, ದ್ವೀಪದ ಗುಡ್ಡಗಳೇ ಕೊಲ್ಲಿಗೆ ಮರೆಯಾಗಿ ನಿಂತು ನೀರನ್ನು ಶಾಂತವಾಗಿ ಇಡುತ್ತವೆ.

ಬೆಳಕಿರುವಾಗಲೇ ಬಂದರು ಸೇರುವಂತೆ ನಿಮ್ಮ ಅಳಿಯನಿಗೆ ಒತ್ತಿ ಹೇಳಿ. ಇದಕ್ಕಿಂತ ಮುಖ್ಯವಾದ ನಿಯಮವನ್ನು ನಾನು ಕಾಣೆ. ಸೇಂಟ್ ಲೂಸಿಯಾದ ಸೂಫ್ರಿಯೇರ್‌ನಿಂದ ಬೆಕ್ವೇಗೆ 50 ನಾಟಿಕಲ್ ಮೈಲಿಗೂ ಹೆಚ್ಚು ದೂರವಿದ್ದು, ಗಂಟೆಗೆ 6 ಮೈಲಿಯಂತೆ ಸಾಗುವ ದೋಣಿಗೆ ಒಂಬತ್ತು ಗಂಟೆಯಾದರೂ ಬೇಕಾಗುತ್ತದೆ. ಆದ್ದರಿಂದ ನಸುಕಿನಲ್ಲೇ ಹೊರಡಬೇಕು. ದಾರಿಯಲ್ಲಿ ಸಿಗುವ ಸೇಂಟ್ ವಿನ್ಸೆಂಟ್ ದ್ವೀಪದ ಮರೆಯಲ್ಲಿ ಗಾಳಿ ಸತ್ತಂತಿರುತ್ತದೆ. ಆ ಮರೆ ದಾಟಿ ಬೆಕ್ವೇಯ ಕಡಲ್ಗಾಲುವೆಗೆ ಬಂದೊಡನೆ ಗಾಳಿ, ಅಲೆ, ಸೆಳೆತ ಮೂರೂ ಒಟ್ಟಿಗೆ ಎದುರಾಗುತ್ತವೆ. ಓಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಂಡು, ಒಳಗೆ ಮಲಗದೆ ಮೇಲೆ ಕುಳಿತು ದಿಗಂತವನ್ನು ನೋಡುತ್ತಿರಿ.

ಕೊಲ್ಲಿಯ ಬಾಯಿಯ ಉತ್ತರಕ್ಕೆ ಡೆವಿಲ್ಸ್ ಟೇಬಲ್ ಎಂಬ ಹವಳದ ದಿಬ್ಬವಿದೆ. ಮಧ್ಯಾಹ್ನದ ನಂತರ ಬಂದರೆ ಸೂರ್ಯ ಬೆನ್ನಿಗಿರುವುದರಿಂದ ನೀರಿನ ಬಣ್ಣವನ್ನು ಓದಬಹುದು: ತಿಳಿ ಹಸಿರಾಗಿ ಹೊಳೆಯುವುದು ಮರಳು, ಕಪ್ಪಾಗಿ ಕಾಣುವುದು ಕಡಲಹುಲ್ಲು ಅಥವಾ ಆಳ, ಕಂದು ಬಣ್ಣ ಕಂಡರೆ ಬಂಡೆ ನೀರಿನ ಮೇಲ್ಮೈಗೆ ಹತ್ತಿರದಲ್ಲೇ ಇದೆ ಎಂದು ತಿಳಿಯಬೇಕು. ಇನ್ನೊಂದು ವಿಷಯ: ಮಂಗಳೂರಿನಂತಹ ನಮ್ಮ ಬಂದರುಗಳನ್ನು ಪ್ರವೇಶಿಸುವಾಗ ಕೆಂಪು ಬೋಯಾ (ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತು) ಎಡಕ್ಕಿರುತ್ತದೆ, ಕೆರಿಬಿಯನ್ನಿನಲ್ಲಿ ಅದು ಬಲಕ್ಕಿರುತ್ತದೆ.

ಲಂಗರು ಹಾಕುವಾಗ ನೀವೂ ಮುಂದೆ ನಿಂತು ನೋಡಿ. ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಮರಳಿರುವ ಕಡೆ ಲಂಗರನ್ನು ನಿಧಾನವಾಗಿ ಇಳಿಸಿ, ಆಳದ ಐದು ಪಟ್ಟಾದರೂ ಸರಪಳಿ ಬಿಡಬೇಕು. 5 ಮೀಟರ್ ಆಳಕ್ಕೆ 25 ಮೀಟರ್. ನಂತರ ಎಂಜಿನ್ನನ್ನು ಹಿಮ್ಮುಖವಾಗಿ ನಡೆಸುತ್ತಾ, ದಡದ ಮೇಲಿನ ಒಂದು ಮರ ಮತ್ತು ಅದರ ಹಿಂದಿನ ಒಂದು ಮನೆ ಒಂದೇ ಸಾಲಿನಲ್ಲಿ ನಿಂತಿವೆಯೇ ಎಂದು ಗಮನಿಸಬೇಕು. ಆ ಸಾಲು ಕದಲುತ್ತಿದ್ದರೆ ಲಂಗರು ಜಾರುತ್ತಿದೆ ಎಂದರ್ಥ. ಎತ್ತಿ ಮತ್ತೆ ಹಾಕಬೇಕು. ಕಡಲಹುಲ್ಲಿನ ಮೇಲೆ ಹಾಕಿದರೆ ಲಂಗರು ಹಿಡಿಯುವುದಿಲ್ಲ, ಹುಲ್ಲೂ ಕಿತ್ತುಹೋಗುತ್ತದೆ.

ನೀವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತಿರುವುದರಿಂದ, ಹಳದಿ ಧ್ವಜ ಏರಿಸಿ, ಕ್ಯಾಪ್ಟನ್ ಒಬ್ಬನೇ ಎಲ್ಲರ ಪಾಸ್‌ಪೋರ್ಟ್ ಮತ್ತು ಸೇಂಟ್ ಲೂಸಿಯಾದ ನಿರ್ಗಮನ ಪತ್ರದೊಂದಿಗೆ ಕಸ್ಟಮ್ಸ್ ಹಾಗೂ ವಲಸೆ ಕಚೇರಿಗೆ ಹೋಗಬೇಕು. ಅವನು ಮರಳುವವರೆಗೆ ನೀವು ದಡಕ್ಕೆ ಇಳಿಯುವಂತಿಲ್ಲ. ಮುದ್ರೆ ಬಿದ್ದ ಮೇಲೆ ಹಳದಿ ಧ್ವಜ ಇಳಿಸಿ ಆ ದೇಶದ ಧ್ವಜ ಹಾರಿಸುವುದು ಸೌಜನ್ಯ. ಸೈನಿಕರ ಉಡುಪಿನ ಮಚ್ಚೆ ಬಣ್ಣದ ಬಟ್ಟೆ ಅಲ್ಲಿ ನಾಗರಿಕರಿಗೆ ನಿಷಿದ್ಧ, ಆ ಬಣ್ಣದ ಟೋಪಿಯೂ ಬೇಡ. ವಿಮಾನವನ್ನು ಅಮೆರಿಕದಲ್ಲಿ ಬದಲಿಸುವುದಾದರೆ ನಿಲ್ದಾಣದಿಂದ ಹೊರಗೆ ಬಾರದಿದ್ದರೂ ಅಲ್ಲಿನ ವೀಸಾ ಬೇಕು.

ನೀರಿನ ವಿಷಯದಲ್ಲಿ ದಯವಿಟ್ಟು ಜಾಗರೂಕರಾಗಿರಿ. ಬೆಕ್ವೇಯಲ್ಲಿ ನದಿಯಿಲ್ಲ; ಮನೆಮನೆಯವರು ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡು ಬದುಕುತ್ತಾರೆ, ಫೆಬ್ರುವರಿಯಂತೂ ಒಣ ಕಾಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬದುಕುವ ನಮಗೆ ಇದು ಬೇಗ ಮನಸ್ಸಿಗೆ ಬರುವುದಿಲ್ಲ. ದೋಣಿಯ ಬಳಿಗೆ ಬಂದು ನೀರು, ಮೀನು, ಬ್ರೆಡ್ ಮಾರುವವರೊಡನೆ ಬೆಲೆ ಮೊದಲೇ ಮಾತಾಡಿ, ಗೌರವದಿಂದ ವ್ಯವಹರಿಸಿ. ಅಲ್ಲಿನ ನಾಣ್ಯವಾದ ಪೂರ್ವ ಕೆರಿಬಿಯನ್ ಡಾಲರಿನ ದರ 1976ರಿಂದಲೂ ಒಂದು ಅಮೆರಿಕನ್ ಡಾಲರಿಗೆ 2.70 ಎಂದು ನಿಗದಿಯಾಗಿದೆ.

ಹಿಂದಿರುಗುವಾಗ ಸೇಂಟ್ ವಿನ್ಸೆಂಟ್‌ನಲ್ಲಿ ಒಂದು ದಿನ ನಿಲ್ಲಿ ಎಂಬುದು ನನ್ನ ಸಲಹೆ. 1861ರಿಂದ ಮದರಾಸಿನ ಕಡೆಯಿಂದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದವರ ವಂಶಜರು ಅಲ್ಲಿದ್ದಾರೆ. ಕಬ್ಬಿನ ಸೀಮೆಯಿಂದ ಹೋದ ನಿಮಗೆ ಅವರೊಡನೆ ಮಾತಿಗೆ ಕೊರತೆಯಾಗದು.

ಪ್ರಶ್ನೆ: ಜುಲೈನಲ್ಲಿ ಇದೇ ದೋಣಿಗಳ ಬಾಡಿಗೆ ಬಹಳ ಕಡಿಮೆಯಂತೆ. ಆಗ ಹೋಗಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಬಾಡಿಗೆ ಇಳಿಯಲು ಅದೇ ಮುಖ್ಯ ಕಾರಣ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತವು ಬೆಕ್ವೇಯ ದಕ್ಷಿಣಕ್ಕಿರುವ ಯೂನಿಯನ್ ದ್ವೀಪದ ಬಹುತೇಕ ಮನೆಗಳನ್ನು ಹಾಳುಗೆಡವಿತು, ಪಕ್ಕದ ಕ್ಯಾರಿಯಕೂವಿನಲ್ಲಿ ಆಶ್ರಯಕ್ಕೆಂದು ತಂದು ಕಟ್ಟಿಹಾಕಿದ್ದ ದೋಣಿಗಳೂ ಒಡೆದು ಹೋದವು. ಮಕ್ಕಳೊಡನೆ ಹೋಗುವುದಾದರೆ ಏಪ್ರಿಲ್‌ನ ಬೇಸಿಗೆ ರಜೆಯೇ ಸರಿ. ಈಸ್ಟರ್ ವಾರದಲ್ಲಿ ಬೆಕ್ವೇಯಲ್ಲಿ ದೋಣಿಗಳ ಪಂದ್ಯ ನಡೆಯುವುದರಿಂದ ಕೊಲ್ಲಿ ತುಂಬಿರುತ್ತದೆ. ಆ ವಾರ ಲಂಗರು ಹಾಕಲು ಜಾಗ ಬೇಕಿದ್ದರೆ ಎರಡು ದಿನ ಮುಂಚೆಯೇ ತಲುಪಿ.