ಊರು ಪೋಲೆಂಡಿಗೆ, ಸ್ಟೇಷನ್ನು ಜೆಕ್‌ಗೆ

ಪ್ರಿಯ ಓದುಗರೇ,

ಪೋಲೆಂಡಿನ ಚೆಶಿನ್ ಊರಲ್ಲಿ ಸೇತುವೆ ದಾಟಿದರೆ ಆಚೆ ದಡದಲ್ಲಿ ಜೆಕ್ ದೇಶದ ಚೆಸ್ಕಿ ತೆಶಿನ್ ಸಿಕ್ಕಿತು, ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ ಎಂದು ಬರೆದಿದ್ದೀರಿ. ‘ಒಂದೇ ಊರು ಎರಡಾಗಿದ್ದು ಭಾಷೆಯಿಂದ ಅಲ್ವಾ? ಅಲ್ಲಿದ್ದ ಡ್ಯೂಕ್ ಏನಾದ?’ ಎಂದೂ ಕೇಳಿದ್ದೀರಿ.

ಡ್ಯೂಕ್ ವಿಷಯ ಮೊದಲು ಮುಗಿಸೋಣ. ಟೆಷೆನ್ (ಚೆಶಿನ್‌ನ ಜರ್ಮನ್ ಹೆಸರು) ಸಂಸ್ಥಾನ ಹುಟ್ಟಿದ್ದು 13ನೇ ಶತಮಾನದ ಕೊನೆಯಲ್ಲಿ. ಆಳಿದ್ದು ಪೋಲೆಂಡ್ ಮೂಲದ ಪಿಯಾಸ್ಟ್ ವಂಶ. ಆದರೆ 1327ರಲ್ಲೇ ಅವರು ಬೊಹೀಮಿಯಾ, ಅಂದರೆ ಜೆಕ್ ನಾಡಿನ, ದೊರೆಯ ಮಾಂಡಲಿಕರಾದರು. ಮುಂದೆ ಜಗಳವಾದಾಗ ‘ವಂಶ ನಮ್ಮದು’ ಅನ್ನಲು ಪೋಲರಿಗೂ, ‘ಕಿರೀಟ ನಮ್ಮದು’ ಅನ್ನಲು ಜೆಕ್ಕರಿಗೂ ಆಗಲೇ ದಾರಿಯಾಯಿತು ಅನ್ನಿ. 1653ರಲ್ಲಿ ಕೊನೆಯ ಡಚೆಸ್ ಎಲಿಜಬೆತ್ ಲುಕ್ರೀಷಿಯಾ ತೀರಿಕೊಂಡ ಮೇಲೆ ಸಂಸ್ಥಾನ ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಪಾಲಾಯಿತು. ವಿಯೆನ್ನಾದ ಪ್ರಸಿದ್ಧ ಆಲ್ಬರ್ಟಿನಾ ಮ್ಯೂಸಿಯಂಗೆ ಆ ಹೆಸರು ಬಂದದ್ದೂ ಟೆಷೆನ್ನಿನ ಡ್ಯೂಕ್ ಆಲ್ಬರ್ಟ್‌ನಿಂದಲೇ. ಕೊನೆಯ ಡ್ಯೂಕ್ ಫ್ರೀಡ್ರಿಕ್. 1918ರಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಬಿದ್ದಾಗ ಅವನ ಅಧಿಕಾರವೂ ಹೋಯಿತು.

ಇನ್ನು ಭಾಷೆ. 1910ರ ಜನಗಣತಿಯಂತೆ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು 55 ಜನ ಪೋಲಿಷ್, 27 ಜನ ಜೆಕ್, 18 ಜನ ಜರ್ಮನ್ ಆಡುತ್ತಿದ್ದರು. ಪಟ್ಟಣದೊಳಗೆ ಮಾತ್ರ ಜರ್ಮನ್ ಆಡುವವರೇ ಜಾಸ್ತಿ. 1918ರ ನವೆಂಬರ್ 5ರಂದು ಅಲ್ಲಿನ ಪೋಲಿಷ್ ಮತ್ತು ಜೆಕ್ ಸಮಿತಿಗಳು ಕೂತು, ಎಲ್ಲಿ ಯಾವ ಭಾಷೆಯವರು ಹೆಚ್ಚು ಎಂದು ನೋಡಿ ಪ್ರದೇಶವನ್ನು ತಾತ್ಕಾಲಿಕವಾಗಿ ಹಂಚಿಕೊಂಡವು. ಅದೇ ನಿಂತಿದ್ದರೆ ಊರು ಇಡಿಯಾಗಿ ಪೋಲೆಂಡಿನಲ್ಲಿ ಇರುತ್ತಿತ್ತು.

ಪ್ರಾಗ್‌ನಲ್ಲಿದ್ದ ಹೊಸ ಜೆಕೊಸ್ಲೊವಾಕಿಯಾ ಸರ್ಕಾರ ಒಪ್ಪಲಿಲ್ಲ. ಕಾರಣ ರೈಲು. ಬೊಹುಮಿನ್‌ನಿಂದ ಕೊಶಿತ್ಸೆಗೆ ಹೋಗುವ ಹಳಿ ಈ ಊರಿನ ಮೇಲೇ ಹಾಯುತ್ತದೆ. ಹೊಸ ದೇಶದ ಜೆಕ್ ಭಾಗವನ್ನೂ ಸ್ಲೊವಾಕ್ ಭಾಗವನ್ನೂ ಜೋಡಿಸುತ್ತಿದ್ದ ಮುಖ್ಯ ಮಾರ್ಗ ಅದು. ಜೊತೆಗೆ ಕಾರ್ವಿನಾದ ಕಲ್ಲಿದ್ದಲು, ತ್ರಿನೆಟ್ಸ್‌ನ ಉಕ್ಕಿನ ಕಾರ್ಖಾನೆ. ಇಷ್ಟೆಲ್ಲ ಇದ್ದಾಗ ಭಾಷೆಯ ಲೆಕ್ಕ ಯಾರಿಗೆ ಬೇಕು? 1919ರ ಜನವರಿ 23ರಂದು ಜೆಕ್ ಸೇನೆ ನುಗ್ಗಿತು. ಒಂದು ವಾರ ಯುದ್ಧ ನಡೆಯಿತು. ಜನರನ್ನೇ ಕೇಳೋಣ, ಮತ ಹಾಕಿಸೋಣ ಎಂಬ ಮಾತು ಬಂತು, ಅದೂ ಬಿದ್ದುಹೋಯಿತು. ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಅಂತೂ ಟೆಷೆನ್ ಹೆಸರನ್ನೇ ಕೇಳಿರಲಿಲ್ಲ ಎಂದು ಪಾರ್ಲಿಮೆಂಟಿನಲ್ಲೇ ಹೇಳಿದ್ದರು. ಊರಿನ ಹಣೆಬರಹ ಇಂಥವರ ಕೈಯಲ್ಲಿತ್ತು!

ಕೊನೆಗೆ 1920ರ ಜುಲೈ 28ರಂದು, ಪೋಲೆಂಡ್ ಸೋವಿಯತ್ ಸೇನೆಯ ಎದುರು ಒದ್ದಾಡುತ್ತಿದ್ದಾಗ, ಮೊದಲ ಮಹಾಯುದ್ಧ ಗೆದ್ದ ದೇಶಗಳ ರಾಯಭಾರಿಗಳು ಓಲ್ಜಾ ನದಿಯನ್ನೇ ಗಡಿ ಮಾಡಿದರು. ಕೋಟೆ ಗುಡ್ಡ, ಹಳೇ ಪೇಟೆ ಪೋಲೆಂಡಿಗೆ. ಸ್ಟೇಷನ್ನು, ಅದರ ಸುತ್ತಲಿನ ಬಡಾವಣೆ ಆಚೆಯವರಿಗೆ. 1911ರಿಂದ ಸ್ಟೇಷನ್ನಿಗೂ ಪೇಟೆಗೂ ಓಡಾಡುತ್ತಿದ್ದ ಟ್ರಾಮ್ 1921ರಲ್ಲಿ ನಿಂತೇ ಹೋಯಿತು. ಗಡಿಯ ಆಚೆ ಸಾವಿರಾರು ಪೋಲಿಷ್ ಕುಟುಂಬಗಳು ಉಳಿದವು.

ಪೋಲೆಂಡೂ ಸುಮ್ನೆ ಕೂರಲಿಲ್ಲ. 1938ರ ಅಕ್ಟೋಬರ್‌ನಲ್ಲಿ, ಹಿಟ್ಲರ್ ಜೆಕೊಸ್ಲೊವಾಕಿಯಾವನ್ನು ಹರಿದು ತಿನ್ನುತ್ತಿದ್ದ ಹೊತ್ತಲ್ಲೇ, ಆಚೆ ದಡವನ್ನು ಕಿತ್ತುಕೊಂಡಿತು. ನನ್ನ ಪ್ರಕಾರ ಅದು ನಾಚಿಕೆಗೇಡು, ಹಳೇ ಅನ್ಯಾಯ ಎಷ್ಟೇ ನಿಜವಾಗಿದ್ದರೂ. ವರ್ಷ ತುಂಬುವ ಮೊದಲೇ ಎರಡೂ ದಡ ಜರ್ಮನರ ಕೈಗೆ ಹೋದವು. 1945ರಲ್ಲಿ ಹಳೇ ಗಡಿ ಮರಳಿತು, 1958ರ ಒಪ್ಪಂದದಲ್ಲಿ ಖಾಯಂ ಆಯಿತು.

ಪಾಸ್‌ಪೋರ್ಟ್ ಕೇಳದಿರುವುದು 2007ರ ಡಿಸೆಂಬರ್‌ನಿಂದ, ಯುರೋಪಿನ ದೇಶಗಳ ನಡುವಿನ ಗಡಿ ತಪಾಸಣೆ ತೆಗೆದ ಷೆಂಗೆನ್ ಒಪ್ಪಂದದ ದೆಸೆಯಿಂದ. ಕೊರೊನಾ ಕಾಲದಲ್ಲಿ ಸೇತುವೆಗಳು ಮತ್ತೆ ಮುಚ್ಚಿದಾಗ, ದಿನಾ ಕೆಲಸಕ್ಕೆ ಗಡಿ ದಾಟುತ್ತಿದ್ದವರು ಬೀದಿಗಿಳಿದು ಪ್ರತಿಭಟಿಸಿದರು.

ನಿಮ್ಮ ಬಳಿ 20 ಝ್ಲೋಟಿ ನೋಟು ಉಳಿದಿದ್ದರೆ ತಿರುಗಿಸಿ ನೋಡಿ. ಕೋಟೆ ಗುಡ್ಡದ ಮೇಲಿರುವ ಸೇಂಟ್ ನಿಕೊಲಸ್ ಗುಂಡು ಚರ್ಚಿನ ಚಿತ್ರ ಅದರಲ್ಲಿದೆ.

—ಸಂ.