ವ್ಯಾಯಾಮದ ಗುರಿ ಯಾರದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 57 ವರ್ಷ. ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟವಿದೆ. ಎರಡು ವರ್ಷಗಳಿಂದ ಬಲ ಮೊಣಕಾಲು ನೋಯುತ್ತಿದೆ. ಎಕ್ಸ್-ರೇ ನೋಡಿ ಸವೆತವೆಂದರು. ಫಿಸಿಯೋಥೆರಪಿಗೆ ಹೋದಾಗ ಹತ್ತು ವ್ಯಾಯಾಮಗಳ ಚಿತ್ರವಿರುವ ಹಾಳೆಯೊಂದನ್ನು ಕೊಟ್ಟು, ‘ಇನ್ನು ಕುಕ್ಕರಗಾಲಿನಲ್ಲಿ ಕೂರಬೇಡಿ, ಬೆಟ್ಟ ಹತ್ತಬೇಡಿ’ ಎಂದು ಕಳುಹಿಸಿದರು. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟಕ್ಕೆ ಹೋಗದೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರದೆ ನಮ್ಮ ಬದುಕು ನಡೆಯುವುದಿಲ್ಲ. ವ್ಯಾಯಾಮವನ್ನು ಹದಿನೈದು ದಿನ ಮಾಡಿ ಬಿಟ್ಟೆ. ತಪ್ಪು ನನ್ನದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಯಾವ ಕೆಲಸ ಮಾಡಲಾಗದೆ ನೀವು ಸಂಕಟಪಡುತ್ತಿದ್ದೀರಿ ಎಂಬುದನ್ನು ಕೇಳಿ ತಿಳಿಯದೆ ಬರೆದುಕೊಟ್ಟ ವ್ಯಾಯಾಮಕ್ಕೂ ನಿಮ್ಮ ದಿನಚರಿಗೂ ನಂಟೇ ಬೆಳೆಯಲಿಲ್ಲ; ನಂಟಿಲ್ಲದ ವ್ಯಾಯಾಮವನ್ನು ಎಂಥವರೂ ಹೆಚ್ಚು ಕಾಲ ಮುಂದುವರಿಸುವುದಿಲ್ಲ. ನಿಮ್ಮ ಪತ್ರದಲ್ಲಿಯೇ ಎರಡು ಸ್ಪಷ್ಟ ಗುರಿಗಳಿವೆ: ಬೆಟ್ಟ ಹತ್ತಿ ಹೊರೆ ತರುವುದು, ಮೆಟ್ಟುಗತ್ತಿಯ ಮುಂದೆ ಕೂರುವುದು. ಚಿಕಿತ್ಸೆ ಅಲ್ಲಿಂದ ಹೊರಡಬೇಕಿತ್ತು.

ಸವೆತ ಎಂಬ ಮಾತು ಅನೇಕರನ್ನು ಅನಗತ್ಯವಾಗಿ ಹೆದರಿಸಿದೆ. ಎಕ್ಸ್-ರೇಯಲ್ಲಿ ಕಾಣುವ ಬದಲಾವಣೆಗೂ ವ್ಯಕ್ತಿ ಅನುಭವಿಸುವ ನೋವಿಗೂ ಇರುವ ಸಂಬಂಧ ಸಡಿಲವಾದದ್ದು. ಚಿತ್ರದಲ್ಲಿ ಹೆಚ್ಚು ಸವೆತವಿದ್ದೂ ನಿರಾಳವಾಗಿ ನಡೆಯುವವರಿದ್ದಾರೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ (NICE) ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕೀಲುಸವೆತವುಳ್ಳ ಎಲ್ಲರಿಗೂ ಅವರವರ ಅಗತ್ಯಕ್ಕೆ ಹೊಂದಿಸಿದ ವ್ಯಾಯಾಮವನ್ನು ಸೂಚಿಸುತ್ತದೆ. ಆರಂಭದಲ್ಲಿ ನೋವು ತುಸು ಹೆಚ್ಚಾಗಬಹುದೆಂಬುದನ್ನು ಮೊದಲೇ ತಿಳಿಸಬೇಕೆಂದೂ ಹೇಳುತ್ತದೆ. ಈ ಎರಡನೆಯ ಮಾತನ್ನು ಯಾರಾದರೂ ನಿಮಗೆ ಹೇಳಿದ್ದರೆ, ಹದಿನೈದು ದಿನಕ್ಕೇ ನೀವು ಕೈಬಿಡುತ್ತಿರಲಿಲ್ಲವೇನೋ.

ಕೆನಡಾದ ಫಿಸಿಯೋಥೆರಪಿ ತಜ್ಞರು 1995ರಲ್ಲಿ ಪ್ರಕಟಿಸಿದ ಸರಳ ಅಳತೆಗೋಲೊಂದಿದೆ. ನೋವಿನಿಂದ ಕಷ್ಟವಾಗಿರುವ ಕೆಲವು ಕೆಲಸಗಳನ್ನು ವ್ಯಕ್ತಿಯೇ ಹೆಸರಿಸಿ, ಸ್ವಲ್ಪವೂ ಮಾಡಲಾಗದಿದ್ದರೆ ಸೊನ್ನೆ, ಮೊದಲಿನಂತೆಯೇ ಮಾಡಬಲ್ಲೆನಾದರೆ ಹತ್ತು ಎಂದು ಅಂಕ ಕೊಡಬೇಕು. ನೀವೂ ಹೀಗೆ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ಆ ಕಾಗದವನ್ನೇ ಮೊದಲು ತೋರಿಸಿ. ಮಂಡಿ ಎಷ್ಟು ಡಿಗ್ರಿ ಬಾಗುತ್ತದೆ ಎಂಬುದು ಚಿಕಿತ್ಸಕರಿಗೆ ಬೇಕಾದ ಲೆಕ್ಕ. ಎಷ್ಟು ಹೊತ್ತು ಕೂತು ಅಡಿಕೆ ಸುಲಿಯಬಹುದು ಎಂಬುದು ನಿಮ್ಮ ಲೆಕ್ಕ, ಮತ್ತು ಗುಣವಾಯಿತೇ ಇಲ್ಲವೇ ಎಂಬುದು ಕೊನೆಗೆ ತೀರ್ಮಾನವಾಗಬೇಕಾದದ್ದು ಅದರಿಂದಲೇ.

ವ್ಯಾಯಾಮ ಹತ್ತು ಬೇಕಾಗಿಲ್ಲ, ಮೂರು ಸಾಕು. ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ರೂಢಿಸಿಕೊಂಡು, ಸಲೀಸಾದಂತೆಲ್ಲ ಆಸನವನ್ನು ತಗ್ಗಿಸುತ್ತ ಮಣೆಯ ಎತ್ತರಕ್ಕೆ ಇಳಿಯಿರಿ. ಜಗಲಿಯ ಮೆಟ್ಟಿಲನ್ನು ಹತ್ತಿ, ನಿಧಾನವಾಗಿ ಇಳಿಯಿರಿ. ಇಳಿಯುವಾಗಿನ ನಿಯಂತ್ರಣವೇ ಬೆಟ್ಟದ ದಾರಿಯಲ್ಲಿ ನಿಮ್ಮನ್ನು ಕಾಪಾಡುವುದು. ಮೂರನೆಯದಾಗಿ, ಚಿಕ್ಕ ಹೊರೆ ಹೊತ್ತು ಅಂಗಳದಲ್ಲಿ ನಡೆದು, ವಾರದಿಂದ ವಾರಕ್ಕೆ ಭಾರವನ್ನು ಸ್ವಲ್ಪವೇ ಏರಿಸಿ. ಮಾಡುವಾಗ ಸಹಿಸಬಹುದಾದಷ್ಟು ನೋವು ಬಂದು, ಮರುದಿನದೊಳಗೆ ಮೊದಲಿನ ಸ್ಥಿತಿಗೆ ಇಳಿದರೆ ಅಂಜಬೇಕಾಗಿಲ್ಲ. ಮರುದಿನವೂ ಏರಿಯೇ ಉಳಿದರೆ ಅಥವಾ ಕೀಲು ಊದಿದರೆ ಪ್ರಮಾಣವನ್ನು ತಗ್ಗಿಸಿ. ಬಲ ಕೂಡಲು ಎರಡು ಮೂರು ತಿಂಗಳಾದರೂ ಬೇಕಾದ್ದರಿಂದ, ದೀಪಾವಳಿಯ ನಂತರದ ಕೊಯ್ಲಿಗೆ ಸಿದ್ಧರಾಗಬೇಕಾದರೆ ಮಳೆಗಾಲದ ನಡುವೆಯೇ ಆರಂಭಿಸಬೇಕು. ಮಂಡಿ ಬಿಸಿಯಾಗಿ ಕೆಂಪಾದರೆ, ಜ್ವರ ಬಂದರೆ, ಕೀಲು ಸಿಕ್ಕಿಕೊಂಡು ಚಾಚಲಾಗದಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಕಾರವಾರದಲ್ಲಿ ಚಿಕ್ಕ ಜಿಮ್ ನಡೆಸುತ್ತಿದ್ದೇನೆ. ಮೀನು ಮಾರುವ ಕೆಲವು ಮಹಿಳೆಯರು ಬೆನ್ನು, ಭುಜಗಳ ಬಲಕ್ಕಾಗಿ ಸೇರಿದರು. ಮೂರು ವಾರದಲ್ಲಿ ಒಬ್ಬೊಬ್ಬರಾಗಿ ಬಿಟ್ಟರು. ಬಂದವರ ಇಷ್ಟದಂತೆ ತರಬೇತಿ ರೂಪಿಸಬೇಕೆಂದು ಹಿರಿಯ ತರಬೇತುದಾರರು ಹೇಳುತ್ತಾರೆ. ಹಾಗಾದರೆ ಶಿಸ್ತು ಎಲ್ಲಿ ಉಳಿಯುತ್ತದೆ?
– ತರಬೇತುದಾರರು, ಕಾರವಾರ

ಉತ್ತರ: ವ್ಯಕ್ತಿಯನ್ನು ಕೇಂದ್ರದಲ್ಲಿಡುವುದೆಂದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ಈ ವಿಚಾರ ಮನೋಚಿಕಿತ್ಸೆಯಲ್ಲಿ ಹುಟ್ಟಿತು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು. 1983ರಲ್ಲಿ ಇನ್ನೊಬ್ಬ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್, ಮದ್ಯವ್ಯಸನಿಗಳೊಂದಿಗಿನ ಅನುಭವದಿಂದ, ಬದಲಾಗಬೇಕೆಂಬ ವಾದವನ್ನು ಚಿಕಿತ್ಸಕ ಮಂಡಿಸುವುದಕ್ಕಿಂತ ವ್ಯಕ್ತಿಯ ಬಾಯಿಂದಲೇ ಅದು ಹೊರಡುವಂತೆ ಮಾತು ನಡೆಸಬೇಕೆಂಬ ಕ್ರಮವನ್ನು ರೂಪಿಸಿದರು. ಇನ್ನು ನಮ್ಮದೇ ಕ್ಷೇತ್ರವನ್ನು ನೋಡಿ: ಎರಡನೆಯ ಮಹಾಯುದ್ಧದ ಗಾಯಾಳು ಸೈನಿಕರಿಗೆ ಭಾರ ಎತ್ತಿಸಿ ಬಲ ತುಂಬಿದ ವೈದ್ಯ ಥಾಮಸ್ ಡಿಲೋರ್ಮ್, 1945ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ, ಆಯಾ ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನೇ ಆಧಾರವಾಗಿಟ್ಟುಕೊಂಡರು. ಅಂದರೆ ನೀವು ಶಿಸ್ತು ಎಂದು ಕರೆಯುವ ಭಾರದ ಲೆಕ್ಕವೇ ಎದುರಿನ ವ್ಯಕ್ತಿಯ ದೇಹದಿಂದ ಹೊರಟದ್ದು.

ಆ ಮಹಿಳೆಯರ ದಿನ ಹೇಗೆ ಸಾಗುತ್ತದೆ ಎಂದು ಕೇಳಿದ್ದೀರಾ? ನಸುಕಿನಲ್ಲಿ ಮೀನು ದೋಣಿಗಳು ಬರುವ ದಕ್ಕೆಗೆ ಹೋಗಿ, ಬುಟ್ಟಿ ಹೊತ್ತು, ಮಧ್ಯಾಹ್ನದವರೆಗೆ ಮಾರುಕಟ್ಟೆಯಲ್ಲಿ ಕೂರುವವರಿಗೆ ಬೆಳಗಿನ ಆರು ಗಂಟೆಯ ತರಗತಿ ನಿರುಪಯುಕ್ತ. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಸಂಜೆಯ ಎರಡು ದಿನಗಳನ್ನು ಅವರೇ ಆರಿಸಲಿ. ಬುಟ್ಟಿಯನ್ನು ನೆಲದಿಂದ ಎತ್ತುವ, ತಲೆಯ ಮೇಲಕ್ಕೇರಿಸುವ, ಹೊತ್ತು ನಡೆಯುವ ಚಲನೆಗಳನ್ನೇ ಡಂಬೆಲ್, ಬಾರ್ಬೆಲ್‌ಗಳಿಂದ ಕಲಿಸಿ. ಪ್ರತಿ ಸುತ್ತಿನ ಕೊನೆಗೆ ‘ಇನ್ನೆಷ್ಟು ಸಲ ಎತ್ತಬಹುದಿತ್ತು, ಅಕ್ಕಾ?’ ಎಂದು ಕೇಳಿ. ಎರಡು ಮೂರು ಎಂದರೆ ಭಾರ ಸರಿಯಾಗಿದೆ, ಹತ್ತು ಎಂದರೆ ಏರಿಸಿ. ರಾತ್ರಿ ನಿದ್ದೆ ಇಲ್ಲದ ದಿನ ಅದೇ ಭಾರ ಹೆಚ್ಚಾಗಿ ತೋರುವುದು ಸಹಜವಾದ್ದರಿಂದ, ಅಂದು ತಗ್ಗಿಸುವುದು ಶಿಸ್ತಿನ ಭಂಗವಲ್ಲ.

ನಿಮ್ಮ ತಿಳಿವಳಿಕೆಯನ್ನು ಬಚ್ಚಿಡುವುದೂ ಸಲ್ಲದು. ಹೊಟ್ಟೆಯ ಬೊಜ್ಜನ್ನಷ್ಟೇ ಕರಗಿಸಿ ಎಂದು ಯಾರಾದರೂ ಕೇಳಿದರೆ, ವ್ಯಾಯಾಮದಿಂದ ಒಂದೇ ಭಾಗದ ಕೊಬ್ಬನ್ನು ಇಳಿಸಲಾಗದೆಂದು ನೇರವಾಗಿ, ಗೌರವದಿಂದ ಹೇಳಿ. ಭಂಗಿ ತಿದ್ದಲು ಮುಟ್ಟುವ ಮೊದಲು ಪ್ರತಿ ಬಾರಿಯೂ ಅನುಮತಿ ಕೇಳಿ. ಈ ಒಂದು ಸೌಜನ್ಯ ಸಿಗದೆ ಜಿಮ್ ಬಿಟ್ಟ ಮಹಿಳೆಯರು ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೋವಿನ ಕಾರಣ ನಿರ್ಣಯಿಸುವುದು ನಿಮ್ಮ ಕೆಲಸವಲ್ಲ, ಅದನ್ನು ವೈದ್ಯರಿಗೆ, ಫಿಸಿಯೋಥೆರಪಿಸ್ಟರಿಗೆ ಬಿಡಿ. ಬೆನ್ನುನೋವಿನ ಜೊತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಭಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕಳುಹಿಸಿ.

ಪ್ರಶ್ನೆ: ಅಂಕೋಲಾದಲ್ಲಿರುವ ನನ್ನ ತಾಯಿಗೆ 76 ವರ್ಷ. ಕಳೆದ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿಬಿದ್ದಿದ್ದರು. ಡಂಬೆಲ್ ತಂದುಕೊಟ್ಟೆ, ಮುಟ್ಟುವುದಿಲ್ಲ. ಈ ವಯಸ್ಸಿನಲ್ಲಿ ಬಲ ಬರುತ್ತದೆಯೇ? ಅವರನ್ನು ಹೇಗೆ ಒಪ್ಪಿಸಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಲ ಖಂಡಿತ ಬರುತ್ತದೆ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರದ ತರಬೇತಿ ನೀಡಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆದರೆ ಡಂಬೆಲ್ ಬೇಕೆಂದವರು ನೀವು, ಅವರಲ್ಲ. ಒಪ್ಪಿಸುವುದನ್ನು ಸದ್ಯಕ್ಕೆ ಬಿಟ್ಟು, ಬಿದ್ದ ಮೇಲೆ ಅವರು ಏನೇನನ್ನು ಮಾಡುವುದು ಬಿಟ್ಟಿದ್ದಾರೆ, ಅದರಲ್ಲಿ ಯಾವುದನ್ನು ಮತ್ತೆ ಮಾಡಬೇಕೆಂಬ ಆಸೆಯಿದೆ ಎಂದು ಕೇಳಿ, ಉತ್ತರಕ್ಕೆ ಸಮಯ ಕೊಡಿ. ತುಳಸಿಕಟ್ಟೆಗೆ ನೀರೆರೆಯಲು ಒಬ್ಬರೇ ಇಳಿಯಬೇಕೆಂದರೆ, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಏಳುವುದು ಡಂಬೆಲ್‌ಗಿಂತ ಮೊದಲು ಬೇಕು. ಅಂಗಳದ ಪಾಚಿಯನ್ನು ತೆಗೆಸಿ, ಹಿಡಿಕೆ ಹಾಕಿಸಿ. ಕಣ್ಣಿನ ತಪಾಸಣೆ ಮಾಡಿಸಿ, ರಕ್ತದೊತ್ತಡದ ಮಾತ್ರೆಯಿಂದ ತಲೆ ಸುತ್ತುತ್ತದೆಯೇ ಎಂದು ವೈದ್ಯರಲ್ಲಿ ವಿಚಾರಿಸಿ. ಸಾಧ್ಯವಾದರೆ ಮುಂದಿನ ಪತ್ರವನ್ನು ತಾಯಿಯವರ ಮಾತಿನಲ್ಲೇ ಬರೆದು ಕಳುಹಿಸಿ. ಅವರಿಗೇ ಉತ್ತರ ಬರೆಯುತ್ತೇನೆ.